ಸುಟ್ಟುಹೋದ ಕನ್ನಡ ಹೊಸ ಒಡಂಬಡಿಕೆ: ವಿಲಿಯಂ ಕೇರಿಯ ಜೀವನದಿಂದ ಯೌವನಸ್ಥರಿಗೆ

 

ಇವತ್ತಿನ ವಾಕ್ಯಭಾಗ 1 ಕೊರಿಂಥ 3ನೇ ಅಧ್ಯಾಯ, 6 ಮತ್ತು 7ನೇ ವಚನ. ಪುಸ್ತಕ ತಂದವರು ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಸ್ವಲ್ಪ ಹೊತ್ತು ನೋಟಿಫಿಕೇಶನ್ ಆಫ್ ಮಾಡಿಬಿಡಿ. ಒಬ್ಬ ನೆಡ್ತಾನೆ, ಇನ್ನೊಬ್ಬ ನೀರು ಹಾಕ್ತಾನೆ, ಆದರೆ ಬೆಳೆಸೋದು ದೇವರ ಕೆಲಸ ಅಂತ ಪೌಲನು ಅಲ್ಲಿ ಬರೀತಾನೆ. ನಾವು ಈ ಮಾತನ್ನು ತುಂಬ ಸಲ ಕೇಳಿದ್ದೀವಿ, ಆಮೆನ್ ಅಂದಿದ್ದೀವಿ. ಆದರೆ ನಾನು ನೆಟ್ಟದ್ದು ನನ್ನ ಕಣ್ಣಮುಂದೇನೇ ಸುಟ್ಟು ಬೂದಿಯಾದರೆ? ಆಗಲೂ ಆಮೆನ್ ಅನ್ನೋದಕ್ಕೆ ಆಗುತ್ತಾ? ಇವತ್ತು ನಿಮ್ಮ ಮುಂದೆ ಇಡೋ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕೋದಕ್ಕೆ ಒಬ್ಬ ದೇವಸೇವಕನ ಜೀವನ ಹೇಳ್ತೀನಿ. ಅವರ ಹೆಸರು ವಿಲಿಯಂ ಕೇರಿ.

ಅವರು ಬ್ಯಾಪ್ಟಿಸ್ಟ್, ನಾವು ಪೆಂತೆಕೋಸ್ತಿನವರು. ಅವರ ಕಥೆ ನಮಗ್ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮ ಸಭೆಯಲ್ಲಿ ನಂಬಿದವರು ನೀರಲ್ಲಿ ಪೂರ್ತಿ ಮುಳುಗಿ ದೀಕ್ಷಾಸ್ನಾನ ತಗೋತೀವಲ್ಲ, ಅದಕ್ಕಾಗಿ ನಮಗಿಂತ ಎಷ್ಟೋ ತಲೆಮಾರು ಮೊದಲೇ ಅವಮಾನ ಸಹಿಸಿದವರು ಈ ಬ್ಯಾಪ್ಟಿಸ್ಟರು. ನಮ್ಮ ಮನೆಗೆ ಪಾಯ ಹಾಕಿದವರನ್ನು ತಿಳಿದುಕೊಳ್ಳೋದು ಒಳ್ಳೇದು.

ಕೇರಿ ಹುಟ್ಟಿದ್ದು 1761ನೇ ಇಸವಿ ಆಗಸ್ಟ್ 17ರಂದು, ಇಂಗ್ಲೆಂಡಿನ ಪಾಲರ್ಸ್‌ಪರಿ ಅನ್ನೋ ಹಳ್ಳಿಯಲ್ಲಿ. ಅಪ್ಪ ನೇಕಾರ, ಆಮೇಲೆ ಹಳ್ಳಿ ಶಾಲೆಯ ಮೇಷ್ಟ್ರು. ಮನೆಯಲ್ಲಿ ಹಣ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಹುಡುಗನನ್ನು ಚಪ್ಪಲಿ ಬೂಟು ಹೊಲಿಯೋ ಕೆಲಸಕ್ಕೆ ಬಿಟ್ಟರು. ಅಲ್ಲಿ ಜೊತೆಯಲ್ಲಿ ಕೆಲಸ ಕಲೀತಿದ್ದ ಜಾನ್ ವಾರ್ ಅನ್ನೋ ಇನ್ನೊಬ್ಬ ಹುಡುಗ ಯೇಸುವಿನ ಬಗ್ಗೆ ಮಾತಾಡ್ತಿದ್ದ. ದೊಡ್ಡ ಕನ್ವೆನ್ಷನ್ ಇಲ್ಲ, ಸ್ಟೇಜ್ ಇಲ್ಲ, ಲೈಟ್ ಇಲ್ಲ. ಪಕ್ಕದಲ್ಲಿ ಕೂತು ಚರ್ಮ ಹೊಲೀತಿದ್ದ ಒಬ್ಬ ಹುಡುಗನ ಸಾಕ್ಷಿ, ಅಷ್ಟೇ. ಆಫೀಸಲ್ಲಿ ಪಕ್ಕದ ಸೀಟಿನಲ್ಲಿ ಕೂರೋ ನಿಮ್ಮಂಥವರು ಇದನ್ನು ಗಮನಿಸಬೇಕು.

1783ರ ಅಕ್ಟೋಬರ್ 5ರಂದು ನಾರ್ಥಾಂಪ್ಟನ್ ಊರಿನ ನೆನ್ ನದಿಯಲ್ಲಿ ಕೇರಿ ದೀಕ್ಷಾಸ್ನಾನ ತಗೊಂಡರು. ಮುಂದೆ ಮೌಲ್ಟನ್ ಅನ್ನೋ ಹಳ್ಳಿಯ ಸಣ್ಣ ಸಭೆಗೆ ಸಭಾಪಾಲಕರಾದರು. ಸಭೆ ಕೊಡೋ ಹಣ ಸಾಲ್ತಿರಲಿಲ್ಲ. ಅದಕ್ಕೆ ಮಕ್ಕಳಿಗೆ ಪಾಠ ಹೇಳೋರು, ಬೂಟು ಹೊಲಿಯೋರು, ಭಾನುವಾರ ಪ್ರಸಂಗ ಮಾಡೋರು. ಕೆಲಸ ಮಾಡೋ ಜಾಗದ ಗೋಡೆ ಮೇಲೆ ತಾವೇ ಬರೆದ ಲೋಕದ ನಕ್ಷೆ ಅಂಟಿಸಿಕೊಂಡಿದ್ದರು. ಯಾವ ದೇಶದಲ್ಲಿ ಎಷ್ಟು ಜನ, ಏನು ನಂಬ್ತಾರೆ ಅಂತ ಓದಿದ್ದನ್ನೆಲ್ಲ ಅದರಲ್ಲಿ ಗುರುತು ಹಾಕೋರು. ಹೊಲಿಗೆ ಮಾಡುತ್ತಾ ನಕ್ಷೆ ನೋಡೋರು, ನಕ್ಷೆ ನೋಡುತ್ತಾ ಪ್ರಾರ್ಥನೆ ಮಾಡೋರು.

1792ರ ಮೇ ತಿಂಗಳಲ್ಲಿ ಸುವಾರ್ತೆಯನ್ನು ದೂರದೇಶಗಳಿಗೆ ಯಾಕೆ ಒಯ್ಯಬೇಕು ಅಂತ 87 ಪುಟದ ಒಂದು ಪುಸ್ತಕ ಅಚ್ಚು ಹಾಕಿಸಿದರು. ಅದೇ ತಿಂಗಳ ಕೊನೆಗೆ ನಾಟಿಂಗ್‌ಹ್ಯಾಮ್‌ನಲ್ಲಿ ಸೇವಕರ ಕೂಟದಲ್ಲಿ ಯೆಶಾಯ 54:2-3ರ ಮೇಲೆ ಪ್ರಸಂಗ ಮಾಡಿದರು. ಗುಡಾರದ ಹಗ್ಗ ಉದ್ದ ಮಾಡೋ ಆ ಭಾಗ ನಿಮಗೆ ಗೊತ್ತಲ್ಲ. ಅಕ್ಟೋಬರ್ 2ರಂದು ಕೆಟರಿಂಗ್ ಅನ್ನೋ ಊರಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಸೇರಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಶುರು ಮಾಡಿದರು. ಅವತ್ತು ಕೊಡ್ತೀವಿ ಅಂತ ಎಲ್ಲರೂ ಬರೆದುಕೊಟ್ಟ ಒಟ್ಟು ಮೊತ್ತ 13 ಪೌಂಡ್, 2 ಶಿಲಿಂಗ್, 6 ಪೆನ್ಸ್. ಒಂದು ನಶ್ಯದ ಡಬ್ಬಿಯಲ್ಲಿ ಆ ಚೀಟಿಗಳು ಹಿಡಿಸಿಬಿಟ್ಟವು. ಮುಂದೆ ಆದದ್ದಕ್ಕೆಲ್ಲ ಬಜೆಟ್ ಅದೇ!

1793ರ ಜೂನ್ 13ರಂದು ಹಡಗು ಹತ್ತಿದರು, ನವೆಂಬರ್ 11ರಂದು ಕಲ್ಕತ್ತಾ ತಲುಪಿದರು. ಐದು ತಿಂಗಳು ಸಮುದ್ರದ ಮೇಲೆ. ಇಲ್ಲಿ ಕಥೆ ಹೇಳೋರು ಸಾಮಾನ್ಯವಾಗಿ ಕೇರಿ ಒಬ್ಬರನ್ನೇ ಹೇಳ್ತಾರೆ. ನಾನು ಅವರ ಹೆಂಡತಿ ಡಾರೊಥಿಯವರ ಬಗ್ಗೆಯೂ ಹೇಳಲೇಬೇಕು. ಮದುವೆಯಾದಾಗ ಆಕೆಗೆ ಓದು ಬರಹ ಗೊತ್ತಿರಲಿಲ್ಲ.  ಭಾರತಕ್ಕೆ ಬರೋದಿಲ್ಲ ಅಂತ ಮೊದಲು ಸ್ಪಷ್ಟವಾಗಿ ಹೇಳಿದ್ದರು. ಮೊದಲ ಹಡಗು ತಪ್ಪಿಹೋದ ಮೇಲೆ ಮತ್ತೆ ಒತ್ತಾಯ ಬಂತು. ತಂಗಿ ಜೊತೆಗೆ ಬರೋದಾದರೆ ಬರ್ತೀನಿ ಅಂತ ಒಪ್ಪಿಕೊಂಡು, ಕೈಗೂಸು ಸೇರಿ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಹೊರಟರು.

ಬಂಗಾಳದಲ್ಲಿ ಮೊದಲ ತಿಂಗಳುಗಳಲ್ಲಿ ಕೈಯಲ್ಲಿದ್ದ ಹಣ ಖಾಲಿಯಾಯಿತು. ಮನೆಯಿಂದ ಮನೆಗೆ, ಊರಿಂದ ಊರಿಗೆ ಅಲೆದಾಟ. ಕೊನೆಗೆ 1794ರಲ್ಲಿ ಮದನಾಬಾಟಿ ಅನ್ನೋ ಜಾಗದ ನೀಲಿ ಬಣ್ಣ ತಯಾರಿಸೋ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಅದೇ ವರ್ಷ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಮಗುವಿಗೆ ಗುಂಡಿ ತೋಡೋದಕ್ಕೂ ಜನ ಸಿಗೋದು ಕಷ್ಟವಾಯ್ತು. ಡಾರೊಥಿಯವರ ಮನಸ್ಸು ಅಲ್ಲಿಂದ ಮುರಿದುಹೋಯಿತು, ಮತ್ತೆ ಸರಿಹೋಗಲಿಲ್ಲ. 1807ರ ಡಿಸೆಂಬರ್‌ನಲ್ಲಿ ಸಾಯೋವರೆಗೂ ಆಕೆ ಮಾನಸಿಕ ಕಾಯಿಲೆಯಲ್ಲೇ ಇದ್ದರು. ಪಕ್ಕದ ಕೋಣೆಯಲ್ಲಿ ಹೆಂಡತಿ ಕೂಗಾಡ್ತಿರುವಾಗ ಕೇರಿ ಈ ಕಡೆ ಸತ್ಯವೇದ ಭಾಷಾಂತರ ಮಾಡ್ತಿದ್ದರು.

ಇದನ್ನು ಹೇಳಿ ನಿಮ್ಮಿಂದ ಚಪ್ಪಾಳೆ ತಗೋಳೋದು ನನಗೆ ಬೇಡ. ಇದು ಅಳಬೇಕಾದ ವಿಷಯ. ಮುಂದೆ ಮದುವೆಯಾಗೋ ತಮ್ಮಂದಿರೇ, ಸೇವೆ ಅನ್ನೋ ಹೆಸರಲ್ಲಿ ಹೆಂಡತಿಯ ಮಾತನ್ನು ಬದಿಗೆ ತಳ್ಳಬೇಡಿ. ಕೇರಿಯ ಶ್ರಮವನ್ನು ದೇವರು ಉಪಯೋಗಿಸಿದರು, ನಿಜ. ಹಾಗಂತ ಡಾರೊಥಿಯವರ ಕಣ್ಣೀರಿಗೆ ಲೆಕ್ಕ ಇಲ್ಲ ಅಂತ ಅಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಯಾರಾದರೂ ಖಿನ್ನತೆ, ಭಯ ಅಂತ ಕಷ್ಟಪಡ್ತಿದ್ದರೆ ಅದನ್ನು ಅಪನಂಬಿಕೆ ಅಂತ ಕರೀಬೇಡಿ. ಅವರಿಗಾಗಿ ಪ್ರಾರ್ಥನೆ ಮಾಡಿ, ಜೊತೆಗೆ ಡಾಕ್ಟರ ಹತ್ತಿರಾನೂ ಕರೆದುಕೊಂಡು ಹೋಗಿ. ಡಾರೊಥಿಯವರ ಕಾಲದಲ್ಲಿ ಆ ಸಹಾಯ ಇರಲಿಲ್ಲ. ಈಗ ಇದೆ.

1800ರ ಜನವರಿ 10ರಂದು ಕೇರಿ ಶ್ರೀರಾಮಪುರಕ್ಕೆ ಬಂದರು. ಕಲ್ಕತ್ತಾದ ಹತ್ತಿರ, ಹೂಗ್ಲಿ ನದಿ ದಡದಲ್ಲಿ, ಆಗ ಡೆನ್ಮಾರ್ಕಿನವರ ಕೈಯಲ್ಲಿದ್ದ ಊರು ಅದು. ಈಸ್ಟ್ ಇಂಡಿಯಾ ಕಂಪನಿಯವರಿಗೆ ಮಿಷನರಿಗಳು ಬೇಡವಾಗಿದ್ದರು, ಡೇನರು ಜಾಗ ಕೊಟ್ಟರು. ಅಲ್ಲಿ ಶಾಲೆ ಮೇಷ್ಟ್ರಾಗಿದ್ದ ಜೋಶುವಾ ಮಾರ್ಷ್‌ಮನ್, ಅವರ ಹೆಂಡತಿ ಹ್ಯಾನಾ, ಮುದ್ರಣದ ಕೆಲಸ ಬಲ್ಲ ವಿಲಿಯಂ ವಾರ್ಡ್ ಜೊತೆಯಾದರು. ಎಲ್ಲರೂ ಒಂದೇ ಆವರಣದಲ್ಲಿ ಇದ್ದು, ಒಂದೇ ಮೇಜಿನಲ್ಲಿ ಉಂಡು, ದುಡಿದದ್ದನ್ನು ಒಂದೇ ಕಡೆ ಹಾಕೋರು. ತಾಯಿಯ ಆರೈಕೆ ಇಲ್ಲದೆ ದಾರಿ ತಪ್ಪುತ್ತಿದ್ದ ಕೇರಿಯ ಗಂಡುಮಕ್ಕಳನ್ನು ತಿದ್ದಿ ಬೆಳೆಸಿದ್ದು ಹ್ಯಾನಾ ಮಾರ್ಷ್‌ಮನ್ ಮತ್ತು ವಾರ್ಡ್. ಸಭೆ ಅಂದರೆ ಇದು ಅಲ್ವಾ? ಒಬ್ಬರ ಮನೆ ಕುಸಿದಾಗ ಇನ್ನೊಬ್ಬರು ಹೆಗಲು ಕೊಡೋದು.

ಭಾರತಕ್ಕೆ ಬಂದು ಏಳು ವರ್ಷ ಆಗ್ತಾ ಬಂದಿತ್ತು. ಏಳು ವರ್ಷದಲ್ಲಿ ದೀಕ್ಷಾಸ್ನಾನ ತಗೊಂಡ ಭಾರತೀಯರು ಎಷ್ಟು ಜನ? ಸೊನ್ನೆ. ಈಗಿನ ಕಾಲದಲ್ಲಾಗಿದ್ದರೆ ಏಳು ತಿಂಗಳಿಗೇ ನಾವು ರಿವ್ಯೂ ಮೀಟಿಂಗ್ ಕರೀತಿದ್ದೆವು.

ಆಗ ಕೃಷ್ಣ ಪಾಲ್ ಅನ್ನೋ ಬಡಗಿಯೊಬ್ಬರ ತೋಳಿನ ಕೀಲು ತಪ್ಪಿತು. ಕೇರಿಯ ಜೊತೆ ಬಂದಿದ್ದ ಡಾಕ್ಟರ್ ಜಾನ್ ಥಾಮಸ್ ಅದನ್ನು ಕೂರಿಸಿದರು, ಹಾಗೇ ಯೇಸುವಿನ ವಿಷಯಾನೂ ಹೇಳಿದರು. ಅದು ಕೃಷ್ಣ ಪಾಲರ ಮನಸ್ಸಿಗೆ ನಾಟಿತು. 1800ರ ಡಿಸೆಂಬರ್ 22ರಂದು ಅವರು ಜಾತಿಯ ಕಟ್ಟು ಬಿಟ್ಟು ಮಿಷನರಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಊರಲ್ಲಿ ಗದ್ದಲವಾಯ್ತು. ಡಿಸೆಂಬರ್ 28, ಭಾನುವಾರ, ಹೂಗ್ಲಿ ನದಿಯಲ್ಲಿ ಕೇರಿ ಅವರಿಗೆ ದೀಕ್ಷಾಸ್ನಾನ ಕೊಟ್ಟರು. ಅದೇ ದಿನ, ಅದೇ ನೀರಲ್ಲಿ ಕೇರಿಯ ಹಿರೀಮಗ ಫೆಲಿಕ್ಸ್ ಕೂಡ. ಬಿಳಿ ದೊರೆಯ ಮಗ ಮತ್ತು ಬಂಗಾಳದ ಬಡಗಿ, ಇಬ್ಬರಿಗೂ ಒಂದೇ ನೀರು. ಹಲ್ಲೆಲೂಯಾ!

1803ರಲ್ಲಿ ಬ್ರಾಹ್ಮಣ ಮನೆತನದಿಂದ ಬಂದ ಕೃಷ್ಣ ಪ್ರಸಾದ್ ಅನ್ನೋ ಯೌವನಸ್ಥನಿಗೂ ಈ ಬಡಗಿಯ ಮಗಳಿಗೂ ಮದುವೆಯಾಯಿತು. ಮಿಷನರಿಗಳು ಬಡಗಿಯ ಮನೆಯಲ್ಲೇ ಮದುವೆ ಊಟ ಮಾಡಿದರು. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ! ಇವತ್ತು ಮ್ಯಾಟ್ರಿಮೋನಿ ಸೈಟಿನಲ್ಲಿ ವಿಶ್ವಾಸಿ ಅಂತ ಬರೆದು ಅದರ ಪಕ್ಕದಲ್ಲೇ ಜಾತಿಯನ್ನೂ ಬರೆಯೋ ನಾವು ಇದನ್ನು ಓದಿ ತಲೆ ತಗ್ಗಿಸಬೇಕು.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಅದೇ ವರ್ಷ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜು ಕೇರಿಯನ್ನು ಭಾಷೆ ಕಲಿಸೋದಕ್ಕೆ ಕರೆಯಿತು. ಬರ್ತಿದ್ದ ದೊಡ್ಡ ಸಂಬಳದಲ್ಲಿ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದೆಲ್ಲ ಸೇವೆಗೆ ಹಾಕಿದರು. ಬೇರೆ ಬೇರೆ ಸೀಮೆಗಳಿಂದ ಬಂದ ಪಂಡಿತರ ಜೊತೆ ಕೂತು ಒಂದಾದ ಮೇಲೆ ಒಂದು ಭಾಷೆಗೆ ಕೈ ಹಾಕಿದರು. ಸಂಸ್ಕೃತ, ಮರಾಠಿ, ಒಡಿಯಾ, ಹಿಂದಿ, ತೆಲುಗು. ಅದರಲ್ಲಿ ನಮ್ಮ ಕನ್ನಡವೂ ಒಂದು.

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಕೇರಿ ಕರ್ನಾಟಕಕ್ಕೆ ಒಂದು ದಿನವೂ ಬಂದವರಲ್ಲ. ನಮ್ಮ ಊರು ನೋಡಿಲ್ಲ, ನಮ್ಮ ರೊಟ್ಟಿ ತಿಂದಿಲ್ಲ. ಆದರೂ ಕನ್ನಡ ಹೊಸ ಒಡಂಬಡಿಕೆಗೆ ವರ್ಷಗಟ್ಟಲೆ ಕೂತು ಕೆಲಸ ಮಾಡಿದರು.

1812ರ ಮಾರ್ಚ್ 11, ಬುಧವಾರ ಸಾಯಂಕಾಲ. ಕೇರಿ ಕಲ್ಕತ್ತಾದಲ್ಲಿದ್ದರು. ಶ್ರೀರಾಮಪುರದ ಅಚ್ಚುಕೂಟದಲ್ಲಿ ಕಾಗದ ಇಡೋ ಕಡೆ ಬೆಂಕಿ ಹತ್ತಿಕೊಂಡಿತು. ರಾತ್ರಿ ಹೊತ್ತಿಗೆ 200 ಅಡಿ ಉದ್ದದ ಕಟ್ಟಡ ಉರಿದು ಕುಸಿಯಿತು. ಹತ್ತಾರು ಭಾಷೆಯ ಅಚ್ಚಿನ ಮೊಳೆಗಳು ಕರಗಿ ಸೀಸದ ಗಡ್ಡೆಯಾದವು. ಹಣದ ನಷ್ಟ ಸುಮಾರು 10,000 ಪೌಂಡ್. ಹಣ ಮತ್ತೆ ಬರಬಹುದು. ಆದರೆ ಕೈಬರಹ? ದೊಡ್ಡ ಸಂಸ್ಕೃತ ನಿಘಂಟಿನ ಕೆಲಸ ಹೋಯಿತು, ತೆಲುಗು ವ್ಯಾಕರಣ ಹೋಯಿತು, ಮತ್ತು ನಮ್ಮ ಕನ್ನಡ ಹೊಸ ಒಡಂಬಡಿಕೆ ಪೂರ್ತಿ ಬೂದಿಯಾಯಿತು. ಬ್ಯಾಕಪ್ ಇಲ್ಲ, ಕ್ಲೌಡ್ ಇಲ್ಲ. ಇದ್ದದ್ದು ಒಂದೇ ಪ್ರತಿ.

ಮಾರನೇ ದಿನ ಮಾರ್ಷ್‌ಮನ್ ಹೋಗಿ ವಿಷಯ ತಿಳಿಸಿದರು. ಕೇರಿಗೆ ಮಾತು ಹೊರಡಲಿಲ್ಲ. ಆಗ ಅವರಿಗೆ ಐವತ್ತು ವರ್ಷ. ಇನ್ನೊಮ್ಮೆ ಅಷ್ಟನ್ನೂ ಬರೆಯೋ ವಯಸ್ಸಲ್ಲ. ಆದರೆ ಆ ಭಾನುವಾರ ಅವರು ಸಭೆಯಲ್ಲಿ ಕೀರ್ತನೆ 46:10ರ ಮೇಲೆ ಪ್ರಸಂಗ ಮಾಡಿದರು. ನಮ್ಮನ್ನು ಹೇಗೆ ಬೇಕಾದರೂ ನಡೆಸೋ ಹಕ್ಕು ದೇವರಿಗಿದೆ, ಅದಕ್ಕೆ ತಲೆಬಾಗೋದು ನಮ್ಮ ಕೆಲಸ ಅನ್ನೋದು ಅವತ್ತಿನ ಸಾರ. ಅಚ್ಚಿನ ಯಂತ್ರಗಳು ಉಳಿದಿದ್ದವು. ಅಕ್ಷರ ಒತ್ತೋ ಉಕ್ಕಿನ ಅಚ್ಚುಗಳೂ ಬೂದಿಯೊಳಗೆ ಸಿಕ್ಕವು. ಕರಗಿದ ಸೀಸವನ್ನೇ ಮತ್ತೆ ಎರಕ ಹೊಯ್ದರು. ಸುದ್ದಿ ಕೇಳಿದ ಇಂಗ್ಲೆಂಡಿನ ಸಭೆಗಳು ಎರಡು ತಿಂಗಳೊಳಗೆ ನಷ್ಟದ ಹಣ ಕೂಡಿಸಿಬಿಟ್ಟವು. ಕೇರಿ ಪೆನ್ನು ತಗೊಂಡು ಕನ್ನಡಕ್ಕೆ ಮೊದಲಿನಿಂದ ಕೂತರು.

ನಮ್ಮ ಕಡೆ ರೈತರು ಏನು ಮಾಡ್ತಾರೆ ಗೊತ್ತಾ? ಮೊದಲ ಮಳೆಗೆ ಬಿತ್ತಿದ್ದು ಹುಟ್ಟದೇ ಇದ್ದರೆ ಹೊಲ ಮಾರಿ ಹೋಗಲ್ಲ. ಸಾಲ ಸೋಲ ಮಾಡಿ ಬೀಜ ತಂದು ಮತ್ತೆ ಕೂರಿಗೆ ಹೂಡ್ತಾರೆ. ಅದಕ್ಕೆ ಮರುಬಿತ್ತನೆ ಅಂತಾರೆ. ಕೇರಿ ಮಾಡಿದ್ದು ಮರುಬಿತ್ತನೆ. 1817ರಲ್ಲಿ ಅವರ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡ ಅಕ್ಷರ ಅಚ್ಚಿನಲ್ಲಿ ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದು ಒಂದು. 1820ರ ದಶಕದ ಆರಂಭದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಅಲ್ಲಿಂದ ಹೊರಬಂತು.

ಈಗ ಎಲ್ಲರೂ ಹಲ್ಲೆಲೂಯಾ ಹೇಳಿ ಮುಗಿಸೋಣ ಅಂದುಕೊಂಡಿರಾ? ಇಲ್ಲ, ಇನ್ನೂ ಇದೆ. ಕೇರಿಯ ಕನ್ನಡ ಭಾಷಾಂತರ ಹೆಚ್ಚು ದಿನ ಬಳಕೆಯಲ್ಲಿ ಉಳೀಲಿಲ್ಲ. 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡ ಮಾತಾಡೋ ಜನರ ಮಧ್ಯೆ ಇದ್ದು ಸತ್ಯವೇದ ಭಾಷಾಂತರ ಮಾಡ್ತಿದ್ದರು. ಜನರ ಕೈಗೆ ಹೋಗಿ ನಿಂತದ್ದು ಆ ಭಾಷಾಂತರ. ಮುಂದೆ ಬಂದವರು ಅದನ್ನೂ ತಿದ್ದಿದರು. ಅಂದರೆ ಕೇರಿ ಒಂದು ಸಲ ಸುಟ್ಟುಹೋದದ್ದನ್ನು ಎರಡನೇ ಸಲ ಬರೆದರು, ಆ ಎರಡನೇದೂ ಪಕ್ಕಕ್ಕೆ ಸರಿಯಿತು.

ಹಾಗಾದರೆ ಅದೆಲ್ಲ ವೇಸ್ಟಾ? 1834ರ ಜೂನ್ 9ರಂದು ಕೇರಿ ಶ್ರೀರಾಮಪುರದಲ್ಲಿ ಪ್ರಾಣ ಬಿಟ್ಟರು. ಅದೇ ವರ್ಷ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿನಲ್ಲಿ ಇಳಿದರು. ಅವರಿಂದ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೆಲಸ ಶುರುವಾಯಿತು. ಅವರು ಬರೋ ಹೊತ್ತಿಗೆ ಕನ್ನಡಕ್ಕೆ ಅಚ್ಚಿನ ಅಕ್ಷರ ಇತ್ತು, ವ್ಯಾಕರಣ ಇತ್ತು, ಸತ್ಯವೇದ ಇತ್ತು. ಒಬ್ಬರು ಬಿಟ್ಟ ನೇಗಿಲನ್ನು ಇನ್ನೊಬ್ಬರು ಹಿಡಿದರು. ಒಂದೇ ಸಂಘದವರಲ್ಲ, ಒಂದೇ ದೇಶದವರೂ ಅಲ್ಲ. ಹೊಲ ಮಾತ್ರ ಕರ್ತನದು.

ಬ್ಯಾಪ್ಟಿಸ್ಟ್ ಸಭೆಯ ಬೆಳವಣಿಗೆಯನ್ನೂ ನೋಡಿ. 1809ರಲ್ಲಿ ಕಲ್ಕತ್ತಾದ ಲಾಲ್ ಬಜಾರಿನಲ್ಲಿ ಅವರ ಪ್ರಾರ್ಥನಾಲಯ ತೆರೆಯಿತು. ಬೆಂಕಿ ಬಿದ್ದ 1812ರಲ್ಲೇ ಅಮೆರಿಕದ ಅಡೊನಿರಾಂ ಜಡ್ಸನ್ ಮತ್ತು ಅವರ ಹೆಂಡತಿ ಆನ್ ಅಲ್ಲಿ ದೀಕ್ಷಾಸ್ನಾನ ತಗೊಂಡು ಮುಂದೆ ಬರ್ಮಾಕ್ಕೆ ಹೋದರು. ಬಡಗಿ ಕೃಷ್ಣ ಪಾಲ್ ಸುವಾರ್ತಿಕರಾಗಿ ಖಾಸಿ ಗುಡ್ಡಗಳ ಅಂಚಿನವರೆಗೂ ನಡೆದರು. ಆಮೇಲೆ ಅಮೆರಿಕನ್ ಬ್ಯಾಪ್ಟಿಸ್ಟರು 1836ರಲ್ಲಿ ಅಸ್ಸಾಮಿಗೆ ಬಂದರು, 1872ರಲ್ಲಿ ನಾಗಾ ಗುಡ್ಡಗಳಲ್ಲಿ ಮೊದಲ ಸಭೆ ಹುಟ್ಟಿತು. ನಿಮ್ಮ ಪಿಜಿಯಲ್ಲಿ ನಾಗಾಲ್ಯಾಂಡಿನ ಹುಡುಗ ಹುಡುಗಿಯರು ಇರ್ತಾರಲ್ಲ, ಅವರಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟ್ ಸಭೆಯವರೇ. ಅವರನ್ನು ಕಂಡಾಗ ಆ ಸೊನ್ನೆಯ ಏಳು ವರ್ಷ ನೆನಪಿಸಿಕೊಳ್ಳಿ. ಕೇರಿ ಅವರಲ್ಲಿ ಒಬ್ಬರನ್ನೂ ನೋಡಲಿಲ್ಲ.

ಈಗ ಹಂಸಭಾವಿ ವಿಷಯ. ಹೊಸಬರಿಗೆ ಹೇಳ್ತೀನಿ: ಹಂಸಭಾವಿ ಇರೋದು ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನಲ್ಲಿ. ಗೋವಿನಜೋಳ, ಹತ್ತಿ ಬೆಳೆಯೋ ಸೀಮೆ. ನಾನು ಆ ಕಡೆಯವನೇ. ಕೇರಿಯ ವ್ಯಾಕರಣ ಅಚ್ಚಾಗೋ ಹೊತ್ತಿಗೆ ಆ ಸೀಮೆ ಪೇಶ್ವೆಯರ ಕೈತಪ್ಪಿ ಕಂಪನಿಯ ಕೈಗೆ ಹೋಗ್ತಿತ್ತು. ಇವತ್ತು ಅಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ನಮ್ಮ ಒಂದು ಚಿಕ್ಕ ಕೂಟ ನಡೀತಿದೆ. ತಿಂಗಳಿಗೊಮ್ಮೆ ನಿಮ್ಮಲ್ಲೇ ಕೆಲವರು ರಾತ್ರಿ ರೈಲು ಹತ್ತಿ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹೋಗಿಬರ್ತೀರಿ. ನಾಲ್ಕು ವರ್ಷ ಆಯ್ತು. ಬರೋರು ಹನ್ನೊಂದು ಜನ. ಹೋದ ವರ್ಷ ಹದಿನಾಲ್ಕು ಇದ್ದರು, ಮೂವರು ಕೆಲಸ ಹುಡುಕಿಕೊಂಡು ಊರು ಬಿಟ್ಟರು.

ಕಳೆದ ತಿಂಗಳು ಯೂತ್ ಕಮಿಟಿಯಲ್ಲಿ ಒಂದು ಮಾತು ಬಂತು. ಇಷ್ಟು ಖರ್ಚು, ಇಷ್ಟು ನಿದ್ದೆಗೆಟ್ಟು ಓಡಾಟ, ಬೆಳವಣಿಗೆ ಕಾಣ್ತಿಲ್ಲ, ಅದನ್ನು ನಿಲ್ಲಿಸಿ ನಗರದಲ್ಲೇ ಇನ್ನೊಂದು ಸರ್ವಿಸ್ ಶುರು ಮಾಡಬಹುದಲ್ಲ ಅಂತ. ಕೇಳಿದವರ ಮೇಲೆ ನನಗೆ ಬೇಸರ ಇಲ್ಲ. ದೇವರ ಹಣಕ್ಕೆ ಲೆಕ್ಕ ಕೇಳೋದು ಒಳ್ಳೇ ಗುಣ. ಆದರೆ ನಾವು ಯಾವ ಲೆಕ್ಕ ಹಾಕ್ತಿದ್ದೀವಿ ಅಂತ ಒಮ್ಮೆ ನೋಡಿಕೊಳ್ಳೋಣ. ಆ ಹನ್ನೊಂದು ಜನರಲ್ಲಿ ಬೇರೆ ಬೇರೆ ಕೇರಿಯವರು ಒಂದೇ ಚಾಪೆ ಮೇಲೆ ಕೂತು, ಒಂದೇ ರೊಟ್ಟಿ ಮುರಿದು ಕರ್ತನ ಭೋಜನ ತಗೋತಾರೆ. ನಮ್ಮ ಪಟ್ಟಿಯಲ್ಲಿ ಇದಕ್ಕೆ ಒಂದು ಕಾಲಂ ಇದೆಯಾ? ಕೃಷ್ಣ ಪಾಲರ ಮನೆಯ ಊಟಕ್ಕೆ ಕಾಲಂ ಇರಲಿಲ್ಲ. ಊರು ಬಿಟ್ಟು ಹೋದ ಮೂವರನ್ನು ನಷ್ಟ ಅಂತ ಬರೆದಿದ್ದೀವಿ. ಅವರು ಬೇರೆ ಊರಲ್ಲಿ ಕಾಳಾಗಿ ಬಿದ್ದಿದ್ದಾರೋ ಏನೋ, ನಮಗೇನು ಗೊತ್ತು?

ಎಲ್ಲ ಕೆಲಸಾನೂ ಕೊನೇವರೆಗೆ ಹಿಡಿದುಕೊಂಡೇ ಇರಬೇಕು ಅಂತ ನಾನು ಹೇಳ್ತಿಲ್ಲ. ದೇವರು ನಿಲ್ಲಿಸು ಅಂದರೆ ನಿಲ್ಲಿಸಬೇಕು. ಕೇರಿ ಕೂಡ ಎಷ್ಟೋ ಜಾಗ ಬಿಟ್ಟು ಬಂದವರೇ. ಆದರೆ ದೇವರು ಹೇಳಿದ್ದಕ್ಕೆ ಬಿಡೋದು ಬೇರೆ, ನಂಬರ್ ಕಾಣದ್ದಕ್ಕೆ ಬಿಡೋದು ಬೇರೆ. ಕೇರಿ ತನ್ನನ್ನು ಜಾಣ ಅಂತ ಎಣಿಸಿಕೊಂಡವರಲ್ಲ. ನಿಧಾನವಾಗಿ, ಬಿಡದೆ ಹೆಜ್ಜೆ ಹಾಕೋದೊಂದೇ ತನಗೆ ಬರೋದು ಅಂತ ತಿಳಿದಿದ್ದರು. ಪವಿತ್ರಾತ್ಮನ ಬಲ ಅಂದ ತಕ್ಷಣ ನಾವು ಕೂಗು, ಕುಣಿತ, ಅದ್ಭುತ ನೆನೀತೀವಿ. ಅದೂ ಬೇಕು, ಆಮೆನ್. ಆದರೆ ಸುಟ್ಟುಹೋದ ಪುಟವನ್ನು ಮೊದಲ ಅಕ್ಷರದಿಂದ ಮತ್ತೆ ಬರೆಯೋ ತಾಳ್ಮೆ ಇದೆಯಲ್ಲ, ಗಲಾತ್ಯ 5:22ರ ಪಟ್ಟಿಯಲ್ಲಿ ದೀರ್ಘಶಾಂತಿ ಅಂತ ಇರೋದು ಅದೇ. ಅದೂ ಪವಿತ್ರಾತ್ಮನ ಫಲವೇ.

ಮುಂದಿನ ಭಾನುವಾರ ಕಮಿಟಿ ಸೇರುತ್ತೆ. ಅಲ್ಲೀವರೆಗೆ ದಿನಕ್ಕೆ ಹತ್ತು ನಿಮಿಷ ಆ ಹನ್ನೊಂದು ಜನರ ಹೆಸರು ಹಿಡಿದು ಪ್ರಾರ್ಥಿಸಿ. ಹೆಸರು ಗೊತ್ತಿಲ್ಲದಿದ್ದರೆ ಹೋಗಿಬಂದವರನ್ನು ಕೇಳಿ. ಆಮೇಲೆ ನಿರ್ಧಾರ ಮಾಡೋಣ. ಇಷ್ಟು ಮಾತ್ರ ನಿಮ್ಮನ್ನು ಕೇಳಿಕೊಳ್ತೀನಿ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಮ್ಮ ಭಾಷೆಗಾಗಿ ಒಂದಲ್ಲ ಎರಡು ಸಲ ಕೂತು ಬರೆದ ನಿನ್ನ ಸೇವಕನಿಗಾಗಿ ಸ್ತೋತ್ರ. ಯಾರೂ ಹಾಡಿ ಹೊಗಳದ ಡಾರೊಥಿಯಮ್ಮನನ್ನು ನೀನು ಮರೆತಿಲ್ಲ, ಅದಕ್ಕಾಗಿಯೂ ಸ್ತೋತ್ರ. ಈ ದಿನ ಯಾರ ಓದು, ಕೆಲಸ, ಸಂಬಂಧ, ಸೇವೆ ಬೂದಿಯಾಗಿ ಕಣ್ಣಮುಂದೆ ಬಿದ್ದಿದೆಯೋ ಅವರನ್ನು ಮುಟ್ಟು, ಕರ್ತನೇ. ಬೂದಿಯೊಳಗೆ ನೀನು ಉಳಿಸಿಟ್ಟದ್ದನ್ನು ಕಾಣೋ ಕಣ್ಣು ಕೊಡು. ಮರುಬಿತ್ತನೆಗೆ ಬೀಜ ಕೊಡು. ಹಂಸಭಾವಿಯ ಆ ಪಡಸಾಲೆಯನ್ನು ನಿನ್ನ ಕೈಗೆ ಒಪ್ಪಿಸ್ತೀವಿ. ಬೆಳೆಸೋದು ನೀನೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.